ಕೋಟುಗಳ ನಡುವೆ ಮಂದ್ರ

ನೋವಾಸ್ಕೋಷಿಯಾದ ಮೆಟೆಗನ್ ಬಂದರಿನ ಹಿಂದೆ ಓಡಿಲಳ ಮನೆ.
ಫ್ರಿಜ್ಜು ಆರಿಸಿದೆ, ಗುಂಯ್‌ಗುಡುವುದು ಅದೊಂದೇ.
ಅವಳು ಬಟ್ಟೆಯ ಕಪಾಟಿನೊಳಗೆ
ಚಳಿಗಾಲದ ಕೋಟುಗಳ ನಡುವೆ ಮುದುಡಿ ಕೂತಿದ್ದಾಳೆ.
ತೊಡೆಯ ಮೇಲೆ ಬೇಸ್:
ಒಂದು ಒಳ್ಳೆಯ ಕಾಡ್ ಮೀನಿನಷ್ಟು ಉದ್ದ, ಅಷ್ಟೇ.
ತಂತಿಗಳು ರಬ್ಬರಿನವು, ಬೆರಳಿಗೆ ಅಂಟುತ್ತವೆಂದು
ಟಾಲ್ಕಂ ಪೌಡರು. ಕರಿ ಕೋಟಿನ ತೋಳೆಲ್ಲ ಬಿಳಿ.

ತನಗಿಂತ ಎತ್ತರದ ಡಬಲ್ ಬೇಸನ್ನು
ನಲವತ್ತು ವರ್ಷ ನಿಂತೇ ನುಡಿಸಿದವಳು,
ಮದುವೆಗಳಲ್ಲಿ, ಶನಿವಾರದ ಕುಣಿತಗಳಲ್ಲಿ.
ಭುಜ ಕೈಕೊಟ್ಟ ಮೇಲೆ
ಅದನ್ನು ಶಾಲೆಗೆ ಕೊಟ್ಟುಬಂದಳು.
ಎಡಗೈಗೆ ಇನ್ನೂ ಸುದ್ದಿ ಮುಟ್ಟಿಲ್ಲ:
ಸ್ವರ ದಾಟಿ ಎಲ್ಲೋ ಹೋಗಿ ತಡಕುತ್ತದೆ.
ಫ್ರೆಂಚಿನಲ್ಲಿ ಬೈಯುತ್ತಾಳೆ.
ಬೈಗುಳವೂ ರೆಕಾರ್ಡ್ ಆಗುತ್ತದೆ, ನಾನು ಅಳಿಸುವುದಿಲ್ಲ.

ಏಳನೇ ಸಲಕ್ಕೆ ಸರಿಬಂತು.
ಹೆಡ್‌ಫೋನು ಕೊಟ್ಟೆ.
ಯಂತ್ರಕ್ಕೇನು ಗೊತ್ತು ಮರದ ಅಳತೆ,
ಅದೇ ಮಂದ್ರ, ಹಲಗೆ ನಡುಗಿಸುತ್ತಿದ್ದ ಮಂದ್ರ.
ಕಣ್ಣುಮುಚ್ಚಿದವಳು
ಎಡಗೈ ಮೇಲೆತ್ತಿ ಸೀದಾ ಎದ್ದುನಿಂತಳು.
ಹ್ಯಾಂಗರುಗಳ ಸರಳು ತಲೆಗೆ ಠಣ್ಣೆಂದಿತು.

‘ಅದೂ ಸೇರಿತಾ?’

ಸೇರಿತ್ತು. ನಿಲ್ಲಿಸಲು ಮರೆತಿದ್ದೆ.
ಫ್ರಿಜ್ಜು ಹಾಕುವುದನ್ನೂ.
ರಾತ್ರಿ ಕರಗಿದ ಹ್ಯಾಡಕ್ ಅಷ್ಟನ್ನೂ
ಹುರಿದು ಇಬ್ಬರೇ ತಿಂದೆವು.