ಮುಳ್ಳು ಎದ್ದಿದ್ದರೆ

ಮೂರನೇ ಸಲ ಸ್ಟಾರ್ಟರ್ ಮೋಟಾರು ಹೊತ್ತು ತಂದಾಗ
ಪಿನಿಯನ್ನಿನ ಹಲ್ಲು ಮುಟ್ಟಿ ನೋಡಿದೆ.
ಸವೆದದ್ದಲ್ಲ, ಕಡಿದದ್ದು.
ಓಡುತ್ತಿರುವ ಇಂಜಿನ್ನಿಗೇ ಮತ್ತೆ ಕೀಲಿ ತಿರುವಿದರೆ
ಹಲ್ಲು ಹೀಗಾಗುತ್ತದೆ.

ನಾನು ಕೇಳಲಿಲ್ಲ.
ಮೂವತ್ತು ವರ್ಷ ಡೀಸೆಲ್ಲಿನ ಪಕ್ಕ ಕೂತವನು ದ್ಯಾವಪ್ಪ,
ಅದರ ಗಂಟಲು ಕೇಳಿ ಕೇಳಿಯೇ ಗೇರು ಹಾಕಿದವನು.
ಕೇಳಿದ್ದೇ ಕಿವಿಯನ್ನು ತಿಂದಿತ್ತು.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಒಮ್ಮೆ ನೋಡಿದ್ದೆ:
ಎಲ್ಲರೂ ಒಂದೊಂದು ಗೂಡೆತ್ತಿ, ಕಿವಿಯ ಬಳಿ ಅಲ್ಲಾಡಿಸಿ,
ಒಳಗಿನ ಹುಳು ಲೊಟಲೊಟ ಅನ್ನುತ್ತದೋ ಎಂದು ಆಲಿಸುವಾಗ
ಇವನೂ ಒಂದನ್ನು ಎತ್ತಿದ, ಅಲ್ಲಾಡಿಸಿದ,
ಪಕ್ಕದವನ ಮುಖ ನೋಡಿಕೊಂಡು ತಲೆದೂಗಿದ.
ಹೊರಗೆ ಇವನ ಪಿಕಪ್ಪು, ಎರಡು ಲಾರಿಗಳ ನಡುವೆ.
ನಡುಗುತ್ತಿರುವುದು ತನ್ನದೋ ಅವರದೋ,
ಹೇಗೆ ಗೊತ್ತಾಗಬೇಕು?

"ಒಂದು ಆರ್‌ಪಿಎಂ ಮೀಟರು ಹಾಕಿಸ್ಕೊ ದ್ಯಾವಣ್ಣ,
ಈಗ ಹುಡುಗರೆಲ್ಲಾ ಹಾಕಿಸ್ತಾವ್ರೆ, ಫ್ಯಾಶನ್ನು" ಅಂದೆ,
ಎದುರಿಗೇ ನಿಂತು, ತುಟಿ ಕಾಣುವ ಹಾಗೆ.
ಬಹಳ ಹೊತ್ತು ನನ್ನ ಬಾಯಿ ನೋಡಿದ.
ಹೂಂ ಅಂದ.

ಜೆ.ಸಿ. ರಸ್ತೆಯಿಂದ ತರಿಸಿದ, ಯಾವ ಗಾಡಿಗೂ ಆಗುವ ಡಯಲ್ಲು.
ಎಂಟು ಸಾವಿರದವರೆಗೆ ಅಂಕಿ.
ಇವನದು ನಾಲ್ಕಕ್ಕೇ ಏದುಸಿರು ಬಿಡುವಂಥದ್ದು;
ಅರ್ಧ ಮುಖ ಯಾವತ್ತೂ ಖಾಲಿ.

ಡೀಸೆಲ್ಲಿಗೆ ಕಿಡಿಯಿಲ್ಲ, ಎಣಿಸಲು ಏನೂ ಇಲ್ಲ.
ಆಲ್ಟರ್ನೇಟರ್ ಬಿಚ್ಚಿ,
ತಾಮ್ರದ ಸುರುಳಿಯ ಒಂದು ತುದಿ ಕೆರೆದು ಬೆಸುಗೆ ಹಾಕಿ,
ತೂತಿಲ್ಲದ ಕಡೆ ತೂತು ಕೊರೆದು ಹಳದಿ ವೈರು ಎಳೆದೆ,
ಕ್ಲಚ್ಚಿನ ಪಕ್ಕದಿಂದ ಒಳಗೆ, ಹಳೇ ಟ್ಯೂಬಿನ ತುಂಡು ಸುತ್ತಿ.
ಮೊದಲ ಸಲ ಮುಳ್ಳು ಶುದ್ಧ ಸುಳ್ಳು ಹೇಳಿತು.
ರೀಲಿಂಗ್ ಮೋಟಾರು ಸುತ್ತುವ ಗೌಸ್‌ನ ಬೆಳಕಿನ ಮೀಟರು ಸಾಲ ತಂದು
ಹಿಂದಿನ ಪುಟ್ಟ ಸ್ಕ್ರೂ ತಿರುವಿ ತಿರುವಿ
ನಿಜಕ್ಕೆ ತರುವಷ್ಟರಲ್ಲಿ ಅಸರ್ ನಮಾಜು ತಪ್ಪಿತ್ತು.

ದಿಬ್ಬೂರಹಳ್ಳಿ ರಸ್ತೆಯ ಏರಿನಲ್ಲಿ ಓಡಿಸಿ ನೋಡಿದೆವು.
ನಾನು ಬೇಕೆಂದೇ ಡಯಲ್ಲಿಗೆ ಅಂಗೈ ಅಡ್ಡ ಹಿಡಿದಿದ್ದೆ,
ಬೆರಳ ಸಂದಿಯಿಂದ ನನಗೆ ಮಾತ್ರ ಕಾಣುವ ಹಾಗೆ.
ಎರಡು ಸಾವಿರದ ಇನ್ನೂರು. ಗೇರು ಬದಲಿಸಿದ.
ಮತ್ತೆ ಇನ್ನೂರು. ಮತ್ತೆ.
ಗೇರಿನ ಗುಂಡಿನ ಮೇಲಿದ್ದ ಆ ಕೈ
ಎಂದೋ ಕಿವಿಯ ಕೆಲಸ ಕಲಿತುಬಿಟ್ಟಿತ್ತು.

ವಾಪಸ್ಸು ಬಂದು, ಪಕ್ಕದ ಸ್ಟಿಕರ್ ಅಂಗಡಿಯಿಂದ
ಕೆಂಪು ರೇಡಿಯಮ್ಮಿನ ಒಂದು ಎಳೆ ಕತ್ತರಿಸಿ
ಗಾಜಿಗೆ ಅಂಟಿಸಿದೆ. ಇನ್ನೂರರ ಹತ್ತಿರ ಅಲ್ಲ,
ಕೆಳಗೆ, ಗಾಡಿ ಸುಮ್ಮನೆ ನಿಂತು ಉಸಿರಾಡುವ
ಏಳುನೂರೈವತ್ತರ ಹತ್ತಿರ.
ಯಾಕೆ ಅಲ್ಲಿ ಅಂತ ಅವನೂ ಕೇಳಲಿಲ್ಲ.

ಕೀಲಿ ಆರಿಸಿದ.
ಮುಳ್ಳು ಗೆರೆ ದಾಟಿ, ಸೊನ್ನೆಯ ಮೇಲೆ ಒರಗುವವರೆಗೆ
ಸ್ಟಿಯರಿಂಗ್ ಹಿಡಿದು ಕೂತೇ ಇದ್ದ.
ಆಮೇಲೆ ಇಳಿದು, ಬೀದಿಯೆಲ್ಲಾ ತಿರುಗಿ ನೋಡುವ ಹಾಗೆ ಕೂಗಿದ:
"ಬಾಷಾ, ಫ್ಯಾಶನ್ನಿಗೆ ಎಷ್ಟಾಯ್ತು?"

ನಾಲ್ಕು ಬೆರಳು ಎತ್ತಿದೆ.
ಮೂರು ನೂರರ ನೋಟು ಕೊಟ್ಟು ಹೋದ, ಕಳ್ಳ.