ಮೈಲುತುತ್ತ

ಮೊದಲು ಕಂಡದ್ದು ವಿಶಾಲಾಕ್ಷಿ ಟೀಚರ ತಲೆಯಲ್ಲಿ.
ಮಂಗಳವಾರ ಬೆಳಿಗ್ಗೆ ಕೊಳದಿಂದ ಎದ್ದಾಗ
ಅಷ್ಟೂ ನರೆಗೂದಲು ಎಳೆಗರಿಕೆ ಬಣ್ಣ.
ಕನ್ನಡಿ ನೋಡಿ ನಕ್ಕರು: "ಏನಯ್ಯಾ ಪಿಳ್ಳಪ್ಪ,
ಈ ವಯಸ್ಸಿಗೆ ಚಿಗುರಿಸಿಬಿಟ್ಟೆಯಲ್ಲ ನನ್ನ!"

ನಾನು ನಗಲಿಲ್ಲ.

ಚಿಕ್ಕಬಳ್ಳಾಪುರದ ಸುತ್ತ ಇಪ್ಪತ್ತು ವರ್ಷ
ದ್ರಾಕ್ಷಿ ಚಪ್ಪರದಡಿ ಬಗ್ಗಿ
ಸುಣ್ಣಕ್ಕೆ ಮೈಲುತುತ್ತ ಕಲಸಿ ಹೊಡೆದ ಕೈ ಇದು.
ಕೊಳದ ಗೋಡೆಗೆ ಪಾಚಿ ಹತ್ತಿದಾಗ
ಬೇರೆ ಮದ್ದು ಹೊಳೆಯಲಿಲ್ಲ.
ಎರಡು ಬೊಗಸೆ. ಹೆಚ್ಚೆಂದರೆ ಮೂರು.
ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಬೋರ್‌ವೆಲ್ಲೂ ತನ್ನ ಪಾಲು ಸೇರಿಸಿತ್ತು:
ಸಾವಿರದ ಮುನ್ನೂರು ಅಡಿಯ ಕಲ್ಲಿನ ಬಿರುಕಿಂದ
ಕರಗಿ ಬಂದ ಕಬ್ಬಿಣ.
ಬಕೆಟ್ಟಿನಲ್ಲಿ ಹಿಡಿದರೆ ಎಳನೀರಿನಷ್ಟು ತಿಳಿ,
ಕ್ಲೋರಿನ್ ಬಿದ್ದದ್ದೇ ತಡ
ಇಡೀ ಕೊಳ ಸೋಸದ ಚಹಾ.
ಕೊಳಕು ಅಂದುಕೊಂಡು ಇನ್ನೂ ಸುರಿದೆ.
ಸುರಿದಷ್ಟೂ ಕಪ್ಪಾಯಿತು.

ಮನೆಯಲ್ಲಿ ಅಕ್ಕ ತಾಮ್ರದ ಹಂಡೆ ತಿಕ್ಕುತ್ತಿದ್ದಳು,
ಸಾರಿಗೆ ಹಿಂಡಿ ಉಳಿದ ಹುಣಸೆ ಚರಟದಲ್ಲಿ.
ನೋಡುತ್ತ ನಿಂತೆ.
ಚಪ್ಪಲಿ ಮೆಟ್ಟಿ ಔಷಧಿ ಅಂಗಡಿಗೆ ಹೋದೆ.
ನೂರು ವಿಟಮಿನ್ ಸಿ ಮಾತ್ರೆ ಕೇಳಿದರೆ
ದಸ್ತಗೀರ್ ಅಂದ: "ಯಾಕಣ್ಣ, ಕೊಳಕ್ಕೆ ನೆಗಡಿಯಾ?"

ಹಳೇ ಕಾಲುಚೀಲದಲ್ಲಿ ಕಟ್ಟಿ
ಮೆಟ್ಟಿಲ ತುಕ್ಕುಕಲೆಗೆ ಒತ್ತಿ ಹಿಡಿದು ಅರವತ್ತು ಎಣಿಸಿದೆ.
ತೆಗೆದರೆ ಬಿಳಿ ಟೈಲು,
ಕಾಲುಚೀಲದ ಆಕಾರದಲ್ಲೇ.

ಆಮೇಲೆ ಕ್ಲೋರಿನ್ ನಿಲ್ಲಿಸಿ, ಲೋಹ ಕಟ್ಟುವ ದ್ರಾವಣ
ಗೋಡೆಗುಂಟ ಸುರಿದು
ಮೂರು ಹಗಲು ಮೂರು ರಾತ್ರಿ ಪಂಪು.
ಮರಳು ಫಿಲ್ಟರನ್ನು ಹಿಮ್ಮುಖ ತೊಳೆದಾಗ
ಕಂದು ಗಂಜಿ ಮೋರಿಗೆ ಹೋಯಿತು.
ಹೋಯಿತು ಅಂದರೆ ಎಲ್ಲಿಗೆ?
ಆಚೆ ಸೀಬೆ ತೋಟ, ಅದರಾಚೆ ಒಣಗಿದ ಕಾಲುವೆ,
ಅಡಿಯಲ್ಲಿ ಮತ್ತೆ ಅದೇ ಕಲ್ಲು.
ಡಬ್ಬಿಯ ಮೇಲೂ ಅಷ್ಟೇ ಬರೆದಿದೆ:
ಹಿಡಿದಿಡುತ್ತದೆ. ಇಲ್ಲವಾಗಿಸುವುದಿಲ್ಲ.
ವಾರಕ್ಕೊಮ್ಮೆ ಮತ್ತೆ ಹಾಕಬೇಕು.

ತಳದ ಗೀಟು ಕಾಣತೊಡಗಿದ ದಿನ ಟೀಚರ್ ಬಂದರು.
ತಲೆ ಬೆಳ್ಳಗೆ; ಹತ್ತಿರ ಹೋದರೆ ಹುಣಸೆ ವಾಸನೆ.
ಹೇಳಿಬಿಟ್ಟೆ. ಮೂರು ಬೊಗಸೆ, ಮೇಡಂ, ನಾನೇ.
"ಗೊತ್ತು. ಅವತ್ತು ನಿನ್ನ ಉಗುರು ನೀಲಿ ಇತ್ತು.
ಐದನೇ ಕ್ಲಾಸಿನಲ್ಲಿ ಶಾಯಿ ಚೆಲ್ಲಿದಾಗಲೂ
ಹೀಗೇ ಕೈ ಹಿಂದೆ ಕಟ್ಟಿ ನಿಂತಿದ್ದೆ."
ಮೂಗು ಹಿಡಿದು ಮುಳುಗಿದರು.

ರಿಜಿಸ್ಟರ್ ತೆರೆದೆ.
ಒದ್ದೆ ಬೆರಳಿಗೆ ಪೆನ್ನು ಮೂಡಲಿಲ್ಲ.
ಲುಂಗಿಗೆ ಒರೆಸಿಕೊಂಡು, ತಾರೀಖಿನಿಂದ ಶುರು ಮಾಡಿದೆ.