ತಟ್ಟೆಯಡಿಯ ಮೇಣ

ಶನಿವಾರದ ತರಬೇತಿಯಲ್ಲಿ ಒಂದು ಹಾಳೆ ಕೊಟ್ಟರು.
ಎಡಕ್ಕೆ ಪಾಠ, ನಡುವೆ ಚಟುವಟಿಕೆ,
ಬಲಕ್ಕೆ ಎರಡು ಬೆರಳಗಲದ ಖಾಲಿ ಅಂಕಣ:
‘ಹೊಂದುವ ವಾಕ್ಯ’.
ನಾನೋ ಹುರುಪಿನವನು, ಕೆಲಸಕ್ಕೆ ಸೇರಿ ಏಳು ತಿಂಗಳು.
ಬೆಳಕಿನ ಪಾಠಕ್ಕೆ ಬೆಳಕಿನ ವಾಕ್ಯ,
ಉಪ್ಪಿಗೆ ಉಪ್ಪಿನದು,
ಬೀಜ ಮೊಳೆಯುವುದಕ್ಕೆ ಸಾಸಿವೆಯದು.
ಆಮ್ಲಕ್ಕೆ ಮಾತ್ರ ಏನೂ ಸಿಗದೆ
ಪಾದ್ರಿಗಳಿಗೆ ಫೋನು ಮಾಡಿದೆ.
ತುಸು ಹೊತ್ತು ಸುಮ್ಮನಿದ್ದು, ‘ಹುಳಿ ದ್ರಾಕ್ಷಾರಸ ನೋಡಪ್ಪ’ ಅಂದರು.

ದೀನಮಣಿ ಟೀಚರ್ ಹಾಳೆಯನ್ನು ದೂರ ಹಿಡಿದು ಓದಿದರು,
ಕನ್ನಡಕ ಮನೆಯಲ್ಲಿ ಮರೆತಿದ್ದರು.
‘ಚೆನ್ನಾಗಿ ಅಂಟಿಸಿದ್ದೀಯ.’
ಅದು ಹೊಗಳಿಕೆಯೋ ಅಲ್ಲವೋ ಎಂದು
ಕಡೂರಿನವರೆಗೂ ರೈಲಿನಲ್ಲಿ ಯೋಚಿಸಿದೆ.

ಸೋಮವಾರ ಅವರ ಏಳನೇ ತರಗತಿ.
ನೋಡಿ ಕಲಿಯಲೆಂದು ನಾನು ಕೊನೆಯ ಬೆಂಚಿನಲ್ಲಿ.
ನಲವತ್ತೊಂದು ಮಕ್ಕಳು,
ಭಾನುವಾರ ಚರ್ಚಿಗೆ ಬರುವವರು ಅದರಲ್ಲಿ ನಾಲ್ವರು.
ಪಾಠ ತಕ್ಕಡಿ.
ಅರಸೀಕೆರೆಯ ಮಕ್ಕಳಿಗೆ ತಕ್ಕಡಿ ಕಲಿಸುವುದೆಂದರೆ
ಮೀನಿಗೆ ಈಜು.
ಕೊಬ್ಬರಿ ಹರಾಜಿನ ದಿನ ಊರಿಗೆ ಊರೇ
ಎಣ್ಣೆಯ ವಾಸನೆ ಹೊದ್ದಿರುತ್ತದೆ.
ನನ್ನ ಪಕ್ಕದಿಂದ ಚನ್ನಮಲ್ಲ ಎದ್ದು ನಿಂತ:
‘ಮಿಸ್, ಬಟ್ಟಿನ ತಟ್ಟೆ ಅಡಿಗೆ ಮೇಣ ಹಚ್ಚಿ
ಒಂದು ನಾಣ್ಯ ಅಂಟಿಸ್ತಾರೆ, ಕೊಳ್ಳೋವಾಗ.
ನಮ್ಮಂಗಡೀಲಿ ಹಂಗೇ.’
ಯಾರೋ ಕಿಸಕ್ಕೆಂದರು.
ಅಪ್ಪನನ್ನು ಬೀದಿಗೆ ತಂದೆನೆಂದು
ಅವನಿಗೆ ಆಗ ಹೊಳೆಯಿತು.
ಕಿವಿ ಕೆಂಪಾಗಿ ಬೆಂಚು ಹಿಡಿದುಕೊಂಡ.

ಬಂತು ನನ್ನ ಅಂಕಣ ಅಂದುಕೊಂಡೆ.
ಮೋಸದ ತಕ್ಕಡಿಯ ವಾಕ್ಯ ನನಗೆ ಬಾಯಿಪಾಠ,
ನಾಲಿಗೆಯ ತುದಿಯಲ್ಲಿ ಕಲ್ಲುಸಕ್ಕರೆ.
ಅವರು ಹೇಳಲಿಲ್ಲ.
ಹುಡುಗನನ್ನು ಕೂರಿಸಿದರು.
ಬೀರುವಿನಿಂದ ಅಂಕಪಟ್ಟಿ ತೆಗೆದು
ಮೇಜಿನ ಮೇಲೆ, ತಕ್ಕಡಿಯ ಪಕ್ಕ ಇಟ್ಟರು.

‘ಅರ್ಧವಾರ್ಷಿಕದಲ್ಲಿ ಒಬ್ಬರಿಗೆ ಬಂದದ್ದು ಮೂವತ್ತೆರಡು.
ಮೂವತ್ತೈದು ಅಂತ ಬರೆದೆ.
ಅವರ ಮನೆಯವರು ಶಾಲೆಯ ಸಮಿತಿಯಲ್ಲಿದ್ದಾರೆ.
ಅದೇ ದಿನ ಇನ್ನೊಬ್ಬರಿಗೆ ಮೂವತ್ತನಾಲ್ಕು.
ಅದನ್ನ ಮೂವತ್ತನಾಲ್ಕೇ ಬರೆದೆ.
ಅವರ ಮನೆಯವರು ಯಾವ ಸಮಿತಿಯಲ್ಲೂ ಇಲ್ಲ.
ಮೇಣ ಹಚ್ಚಿದ್ದು ನಾನು.
ಈಗ ಏನು ಮಾಡಲಿ, ಹೇಳಿ.’

ಫ್ಯಾನಿನ ಕಿರಿಕಿರಿ ಅಷ್ಟು ಜೋರೆಂದು
ಅವತ್ತೇ ಗೊತ್ತಾದದ್ದು.
ಆಮೇಲೆ ನಲವತ್ತೊಂದು ಬಾಯಿ.
ಇಳಿಸಿ ಮಿಸ್. ಬೇಡ, ಇಬ್ಬರಿಗೂ ಮೂವತ್ತೈದು ಕೊಡಿ.
ಹಾಗಾದ್ರೆ ಮೂವತ್ತಮೂರು ಬಂದ ನನ್ನ ಗತಿ?
ನ್ಯಾಯ ದೊಡ್ಡದೋ ದಯೆ ದೊಡ್ಡದೋ
ಎಂಬ ಶಬ್ದಗಳಿಲ್ಲದೆಯೇ
ಅದೇ ಜಗಳ, ಗಂಟೆ ಹೊಡೆಯುವವರೆಗೂ.
ಮೊದಲ ಸಾಲಿನ ತಸ್ಕೀನ್ ಮೆಲ್ಲಗೆ,
‘ಅವರಿಬ್ಬರನ್ನ ಕೇಳಿ ಮಿಸ್, ಬೇರೆ ಬೇರೆ ಕರೆದು’ ಅಂದಳು.
ತಕ್ಕಡಿಯ ಪಾಠ ಮುಗಿಯಲಿಲ್ಲ.

ಟೀಚರ್ ಹೆಡ್ಮಾಸ್ಟರ ಕೋಣೆಗೆ ಹೋದರು.
ಒಳಗೆ ಏನಾಯಿತೋ ತಿಳಿಯದು,
ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದರು.
ಆ ಸಲದ ಸುಗ್ಗಿ ಹಬ್ಬದ ಆರಾಧನೆಯಲ್ಲಿ
ಪ್ರತಿವರ್ಷ ಅವರು ಓದುತ್ತಿದ್ದ ಭಾಗವನ್ನು ಬೇರೆಯವರು ಓದಿದರು.

ಚನ್ನಮಲ್ಲ ಗುರುವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ.
‘ಅಪ್ಪನಿಗೆ ಹೇಳಬೇಕಾ ಮಿಸ್?’
‘ನಿನ್ನ ಅಪ್ಪ ಒಳ್ಳೆಯವರು’ ಅಂದರು ಅವರು,
‘ನನ್ನ ಹಾಗೇ.’
ಅವನು ಹೇಳಿದನೋ ಇಲ್ಲವೋ,
ಅವರು ಎಂದೂ ಕೇಳಲಿಲ್ಲ.

ತಿಂಗಳು ಕಳೆದು ಮತ್ತೆ ಅದೇ ಹಾಳೆ ಬಂತು.
ಬಲಗಡೆಯ ಅಂಕಣದ ಮೇಲೆ ಪೆನ್ನು ಹಿಡಿದು ಕೂತೆ.
ಬರೆಯದೆ ಎದ್ದೆ.
ಹಾಜರಿ ಪುಸ್ತಕ ತೆರೆದೆ.
ಕಡೂರಿನ ಗಾಡಿ ತಡವಾದ ಆ ಮಂಗಳವಾರ,
ನನ್ನದೇ ಅಕ್ಷರದಲ್ಲಿ, ಒಂಬತ್ತು ಮೂವತ್ತು.
ಹೊಡೆದು ಹಾಕಿ ಪಕ್ಕದಲ್ಲಿ ಬರೆದೆ,
ಒಂಬತ್ತು ಐವತ್ತೆರಡು.
ಹೊಡೆದ ಅಂಕೆ ಗೀಟಿನಡಿಯಿಂದ
ಇನ್ನೂ ಓದಲು ಬರುತ್ತದೆ.